ಮುನ್ನೂರು ಗಜದೊಳಗಿನ ಬೇಟೆಗೆ: .270 ವಿಂಚೆಸ್ಟರ್ ಮತ್ತು 6.5 ಕ್ರೀಡ್‌ಮೂರ್

ಅಮೆರಿಕದ ವಯೋಮಿಂಗ್‌ನಲ್ಲಿ ಪ್ರಾಂಗ್‌ಹಾರ್ನ್ (ಜಿಂಕೆಯನ್ನು ಹೋಲುವ ಬಯಲು ಪ್ರಾಣಿ) ಬೇಟೆಗೆ ಪರವಾನಗಿ ಪಡೆದವರು ಮೊದಲು ಕೇಳುವುದು, ಯಾವ ತೋಟಾದ ಗುಂಡು ದೂರ ಸಾಗಿದಂತೆ ಕಡಿಮೆ ಕೆಳಗಿಳಿಯುತ್ತದೆ ಎಂದು. ಸೇಜ್ ಪೊದೆಗಳ ಬಿಟ್ಟರೆ ಮರೆಯೇ ಇಲ್ಲದ ಆ ಬಯಲಿನಲ್ಲಿ ಪ್ರಾಣಿ ನಮ್ಮನ್ನು ಬಹುದೂರದಿಂದಲೇ ಗುರುತಿಸುವುದರಿಂದ ಈ ಪ್ರಶ್ನೆ ಸಹಜವಾದದ್ದು. ನಾನು ಅಲ್ಲಿ ಬಳಸಿ ನೋಡಿರುವುದು 1925ರಷ್ಟು ಹಳೆಯ .270 ವಿಂಚೆಸ್ಟರ್ ಮತ್ತು 2007ರಲ್ಲಿ ಹಾರ್ನಡಿ ಕಂಪನಿ ಹೊರತಂದ 6.5 ಕ್ರೀಡ್‌ಮೂರ್ ತೋಟಾಗಳನ್ನು.

ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ ಎಲ್ಲ ಗುಂಡುಗಳೂ ಬೀಳತೊಡಗುತ್ತವೆ. ಆದರೆ ಸ್ಕೋಪ್ (ಗುರಿ ನೋಡುವ ದುರ್ಬೀನು) ನಳಿಗೆಗಿಂತ ಸುಮಾರು ಒಂದೂವರೆ ಅಂಗುಲ ಮೇಲಿದ್ದು, ನಳಿಗೆಯನ್ನು ತುಸು ಮೇಲ್ಮುಖವಾಗಿ ಹೊಂದಿಸಿರುವುದರಿಂದ, ಗುಂಡು ನಮ್ಮ ದೃಷ್ಟಿರೇಖೆಯನ್ನು ಹತ್ತಿರದಲ್ಲೊಮ್ಮೆ ಕೆಳಗಿನಿಂದ ದಾಟಿ, ದೂರದಲ್ಲಿ ಮತ್ತೊಮ್ಮೆ ಮೇಲಿನಿಂದ ದಾಟುತ್ತದೆ. ವೇಗ ಹೆಚ್ಚಿದ್ದಷ್ಟೂ ಬೀಳಲು ಸಿಗುವ ಸಮಯ ಕಡಿಮೆ.

.270ರ 130 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 3060 ಅಡಿ ವೇಗದಲ್ಲಿ ಹೊರಡುತ್ತದೆ. ಕ್ರೀಡ್‌ಮೂರ್‌ನ 143 ಗ್ರೇನ್ ಗುಂಡಿನ ವೇಗ 2700 ಅಡಿ. ಎರಡನ್ನೂ 100 ಗಜದಲ್ಲಿ ಗುರಿಗಿಂತ ಮೂರು ಅಂಗುಲ ಮೇಲೆ ಬೀಳುವಂತೆ ಹೊಂದಿಸಿದರೆ, 300 ಗಜದಲ್ಲಿ .270 ಸುಮಾರು ಎರಡು ಅಂಗುಲವಷ್ಟೇ ಕೆಳಗಿರುತ್ತದೆ, ಕ್ರೀಡ್‌ಮೂರ್ ನಾಲ್ಕೂವರೆ ಅಂಗುಲ. ಪ್ರಾಂಗ್‌ಹಾರ್ನ್‌ನ ಎದೆಗೂಡು ಚಿಕ್ಕದು. ಅದರ ನಡುಮಧ್ಯಕ್ಕೆ ಗುರಿಯಿಟ್ಟು, ದೂರದ ಲೆಕ್ಕ ಹಾಕದೆ ಬಂದೂಕಿನ ಕುದುರೆ (ಟ್ರಿಗರ್) ಒತ್ತುವ ಧೈರ್ಯ ಕೊಡುವುದು .270 ಮಾತ್ರ. ಪ್ರಾಣಿ ನಿಂತು ತಿರುಗಿ ನೋಡುವ ಅವಕಾಶ ಎರಡು-ಮೂರು ಸೆಕೆಂಡಿನದು. ಆಗ ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ಸ್ಕೋಪಿನ ತಿರುಪು ತಿರುಗಿಸುತ್ತ ಕೂರಲಾಗದು.

ಗಾಳಿಯ ವಿಷಯದಲ್ಲಿ ಕ್ರೀಡ್‌ಮೂರ್ ಮೇಲು. ಅದರ ಉದ್ದನೆಯ, ಮೊನಚು ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯಲ್ಲಿ 400 ಗಜಕ್ಕೆ ಅದು ಸುಮಾರು ಒಂಬತ್ತು ಅಂಗುಲ ಸರಿದರೆ, .270 ಹನ್ನೊಂದಕ್ಕೂ ಹೆಚ್ಚು ಸರಿಯುತ್ತದೆ. ಆದರೆ 300 ಗಜದಲ್ಲಿ ಈ ಅಂತರ ಒಂದೇ ಅಂಗುಲ, ಮತ್ತು ಗಾಳಿಯ ವೇಗವನ್ನು ಕಣ್ಣಂದಾಜಿನಲ್ಲಿ ಅಳೆಯುವಾಗ ಆಗುವ ತಪ್ಪು ಅದಕ್ಕಿಂತ ದೊಡ್ಡದು. ಹೀಗಾಗಿ ಬೇಟೆಯ ದೂರದಲ್ಲಿ ಈ ಗುಣಕ್ಕೆ ಸಿಗುತ್ತಿರುವ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮತ್ತೊಂದು ತೋಟಾ .308 ವಿಂಚೆಸ್ಟರ್ ಬಗ್ಗೆ ಹೇಳುವುದಾದರೆ, ಅದರ 150 ಗ್ರೇನ್ ಗುಂಡನ್ನು ಗಾಳಿ ಇವೆರಡಕ್ಕಿಂತಲೂ ಹೆಚ್ಚು ತಳ್ಳುತ್ತದೆ. ಈ ಬಯಲಿಗೆ ಅದು ನನ್ನ ಆಯ್ಕೆಯಲ್ಲ.

ಕ್ರೀಡ್‌ಮೂರ್ ಭುಜಕ್ಕೆ ಒದೆಯುವುದು ಸ್ಪಷ್ಟವಾಗಿ ಕಡಿಮೆ, ಇದು ಸಣ್ಣ ಮಾತಲ್ಲ. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಹೊಸಬರಿಗೆ ನಾನು ಅದನ್ನೇ ಸೂಚಿಸುತ್ತೇನೆ. ದೂರಮಾಪಕ ಹಿಡಿದು, ತಿರುಪು ತಿರುಗಿಸಿ, 400 ಗಜದಾಚೆಗೂ ಅಭ್ಯಾಸ ಮಾಡುವವರಿಗೂ ಅದೇ ಸರಿ. ಮಿಕ್ಕವರು, ಮುನ್ನೂರು ಗಜದೊಳಗೆ ತೆವಳಿಕೊಂಡು ಹೋಗುವ ತಾಳ್ಮೆ ಇದ್ದರೆ, .270 ಕೊಳ್ಳಲಿ.