ಬ್ಲೌಸ್ ಪೀಸೂ ಶಾಂತಿಯ ಪೀಸೂ: 220 ರೂಪಾಯಿಯ ನಿಘಂಟು

ಬದಿಯಡ್ಕದಲ್ಲಿ ನನ್ನದು ಹೊಲಿಗೆ ಅಂಗಡಿ. ಎಂಟನೇ ಕ್ಲಾಸಿನ ಮಗಳಿಗೆಂದು ಕಳೆದ ತಿಂಗಳು ಕಾಸರಗೋಡಿನಿಂದ 220 ರೂಪಾಯಿ ಕೊಟ್ಟು ಒಂದು ಇಂಗ್ಲಿಷ್–ಕನ್ನಡ ನಿಘಂಟು ತಂದೆ. ಅಕ್ಷರ ದೊಡ್ಡದು, ಬೈಂಡು ಗಟ್ಟಿ. ಬಿಡಿಸಿ ಮೆಷಿನ್ ಮೇಲೆ ಮಗುಚಿ ಇಟ್ಟರೂ ಹಾಳೆ ಕಿತ್ತು ಬಂದಿಲ್ಲ. ಉಚ್ಚಾರವನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದಾರೆ. ಅದನ್ನು ನೋಡಿಯೇ ಮಗಳು ನಕ್ಕದ್ದು: "ಅಮ್ಮಾ, ತುಂಡಿಗೂ ಪೀಸ್, ಶಾಂತಿಗೂ ಪೀಸ್. ಹಾಗಾದರೆ ನಿನ್ನ ಅಂಗಡಿಯಲ್ಲಿ ಪೂರಾ ಶಾಂತಿಯೇ ಉಂಟು!" ಮದುವೆ ಸೀಸನ್ನಿನಲ್ಲಿ ಹೇಳಿದ್ದರೆ ಕತ್ತರಿ ಎಸೆಯುತ್ತಿದ್ದೆ.

ತೊಂದರೆ ಇರುವುದು ಅರ್ಥದಲ್ಲಿ. ಶಾಂತಿ, ನೆಮ್ಮದಿ, ಸಮಾಧಾನ, ಸೌಹಾರ್ದ ಎಂದು ಸಾಲಾಗಿ ಬರೆದು ಮುಗಿಸಿದ್ದಾರೆ. ಯಾವುದನ್ನು ಎಲ್ಲಿ ಹಾಕುವುದು ಎನ್ನುವುದಕ್ಕೆ ಒಂದು ವಾಕ್ಯವೂ ಇಲ್ಲ. ಮಗಳು 'ಲೀವ್ ಮಿ ಇನ್ ಪೀಸ್' ಎಂಬುದಕ್ಕೆ 'ನನ್ನನ್ನು ಶಾಂತಿಯಲ್ಲಿ ಬಿಡು' ಎಂದು ಬರೆದಳು. ದಿನಕ್ಕೆ ಹತ್ತು ಸಲ ಅವಳೇ ನನಗೆ ಹೇಳುವ ಮಾತು ಅದು: 'ನನ್ನಷ್ಟಕ್ಕೆ ಬಿಡಮ್ಮಾ'. 'ಪೀಸ್ ಆಫ್ ಮೈಂಡ್' ಅಂದರೆ ನೆಮ್ಮದಿ. ನೊಬೆಲ್‌ಗೆ ಮಾತ್ರ ಶಾಂತಿಯೇ ಆಗಬೇಕು. ನೆಮ್ಮದಿ ಪ್ರಶಸ್ತಿ ಅಂದರೆ ಜನ ನಕ್ಕಾರು.

ನಮ್ಮ ಊರಲ್ಲಿ ಇನ್ನೂ ಒಂದು ಗೋಜಲು. ಅಂಗಡಿಗೆ ಬರುವ ಮಲಯಾಳಂ ಪೇಪರಿನಲ್ಲಿ ಅದೇ ನೊಬೆಲ್ 'ಸಮಾಧಾನ'ದ್ದು. ನಮಗೆ ಸಮಾಧಾನ ಅಂದರೆ ಅಳುವ ಮಗುವಿಗೆ ಮಾಡುವುದು, ಬ್ಲೌಸ್ ಬಿಗಿಯಾಯಿತು ಎಂದು ಸಿಟ್ಟಾದ ಗಿರಾಕಿಗೆ ಹೇಳುವುದು. ಇನ್ನು ಮಲಯಾಳದಲ್ಲಿ ದೇವಸ್ಥಾನದ ಪೂಜೆಯವರೂ 'ಶಾಂತಿ'ಯೇ. 'ಮೇಲ್‌ಶಾಂತಿ' ಅಂದರೆ ಮುಖ್ಯ ಅರ್ಚಕರು. ಮಗಳು ಅದನ್ನು 'ಅಪ್ಪರ್ ಪೀಸ್' ಮಾಡಿಟ್ಟಳು.

ಪದದ ಬೇರು ಕೊಟ್ಟದ್ದು ನನಗೆ ಇಷ್ಟವಾಯಿತು. ಪೀಸ್ ಬಂದದ್ದು ಲ್ಯಾಟಿನ್ನಿನ 'ಪಾಕ್ಸ್'ನಿಂದ, ಫ್ರೆಂಚ್ ದಾಟಿ. ಒಪ್ಪಂದ ಎನ್ನುವ 'ಪ್ಯಾಕ್ಟ್' ಅದರ ನೆಂಟ. ಇಷ್ಟು ಬರೆದವರಿಗೆ 'ರಾಜಿ' ಹೊಳೆಯಲಿಲ್ಲವಾ? 'ಮೇಕ್ ಪೀಸ್' ಅಂದರೆ ಅದೇ ಅಲ್ಲವಾ? ನಮ್ಮ ತೋಟದ ಗಡಿ ಜಗಳ ಆರು ವರ್ಷ ನಡೆದು ಮುಗಿದ ದಿನ ಮಾವ ಮನೆಗೆ ಬಂದು 'ರಾಜಿ ಆಯಿತು' ಅಂದರು. ಶಾಂತಿ ಆಯಿತು ಎಂದು ಯಾರೂ ಹೇಳಲಿಲ್ಲ. ಆಗಿಯೂ ಇಲ್ಲ, ಅತ್ತೆ ಇವತ್ತಿಗೂ ಆ ಮನೆಯವರ ಹತ್ತಿರ ಮಾತಾಡುವುದಿಲ್ಲ.

ಐದಕ್ಕೆ ಮೂರು ಕೊಡುತ್ತೇನೆ. ಸಣ್ಣ ಮಕ್ಕಳಿಗೆ ಸಾಕು. ಹೈಸ್ಕೂಲಿನವರಿಗಾದರೆ ವಾಕ್ಯ ಇರುವ ನಿಘಂಟನ್ನೇ ಹುಡುಕಿ. ನಮ್ಮ ಪ್ರತಿಯಲ್ಲಿ ಆ ಪುಟದ ಅಂಚಿಗೆ ಮಗಳು ಪೆನ್ಸಿಲಿನಿಂದ 'ರಾಜಿ' ಎಂದು ಬರೆದಿದ್ದಾಳೆ.