ಗೋಥಿಕ್ ಮೆಟಲ್‌ಕೋರ್‌ಗೆ ಇಂಡಸ್ಟ್ರಿಯಲ್ ಸದ್ದು: ಸಿಂಥ್, ಡ್ರಮ್, ಗಿಟಾರ್, ಯಾವುದಕ್ಕೆ ಮೊದಲು ಕೈ ಹಾಕಬೇಕು?

ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್ ಊರಿನ ಮೋಷನ್‌ಲೆಸ್ ಇನ್ ವೈಟ್ ಎಂಬ ಗೋಥಿಕ್ ಮೆಟಲ್‌ಕೋರ್ (ಹಾರ್ಡ್‌ಕೋರ್ ಪಂಕ್ ಬೆರೆತ ಮೆಟಲ್‌ಗೆ ಕತ್ತಲ ಛಾಯೆ) ಬ್ಯಾಂಡ್‌ನ 2010ರ ‘ಕ್ರೀಚರ್ಸ್’ ಆಲ್ಬಮ್ ಕೇಳಿ, ಅದರ ಬೆನ್ನಿಗೇ 2012ರ ‘ಇನ್‌ಫೇಮಸ್’ ಹಾಕಿದರೆ ಥಟ್ಟನೆ ಕಿವಿಗೆ ಬೀಳುವುದು ಎಲೆಕ್ಟ್ರಾನಿಕ್ ಸದ್ದು. ಹಾಗಾಗಿ ಅದೇ ದಾರಿ ಹಿಡಿಯುವ ಬ್ಯಾಂಡ್‌ಗಳು ಮೊದಲು ತೆರೆಯುವುದೂ ಸಿಂಥ್ ಪ್ಲಗಿನ್ನನ್ನೇ (ಕಂಪ್ಯೂಟರಿನಲ್ಲಿ ಎಲೆಕ್ಟ್ರಾನಿಕ್ ಸ್ವರ ಹುಟ್ಟಿಸುವ ತಂತ್ರಾಂಶ). ಎಡವುವುದೂ ಅಲ್ಲೇ. ‘ಇನ್‌ಫೇಮಸ್’ನ ನಿರ್ಮಾಪಕರಲ್ಲಿ ಟಿಮ್ ಸ್ಕೋಲ್ಡ್ ಒಬ್ಬರು, ಜರ್ಮನಿಯ ಇಂಡಸ್ಟ್ರಿಯಲ್ ಬ್ಯಾಂಡ್ ಕೆಎಮ್‌ಎಫ್‌ಡಿಎಮ್‌ನಲ್ಲೂ ಮರ್ಲಿನ್ ಮ್ಯಾನ್ಸನ್ ಜೊತೆಗೂ ದುಡಿದವರು. ಆ ಇಂಡಸ್ಟ್ರಿಯಲ್ ಪರಂಪರೆಯ, ಅಂದರೆ ಕಾರ್ಖಾನೆಯ ಯಂತ್ರದಂತೆ ಒರಟಾಗಿ ಮಿಡಿಯುವ ಸಂಗೀತದಲ್ಲಿ ಯಂತ್ರದ ಭಾವ ಹುಟ್ಟುವುದು ತಾಳದ ಬಿಗಿಯಿಂದ ಮತ್ತು ಎರಡು ಹೊಡೆತಗಳ ನಡುವೆ ಉಳಿಸಿದ ಮೌನದಿಂದ. ಸಿಂಥ್ ಅದರ ಮೇಲಿನ ಬಣ್ಣ ಅಷ್ಟೇ.

ಹೋಲಿಕೆಗೆ ಬಳಸಿದ್ದು ಒಂದೇ ರಿಫ್ (ಮರುಕಳಿಸುವ ಗಿಟಾರ್ ತುಣುಕು): ಡ್ರಾಪ್ ಸಿ ಟ್ಯೂನಿಂಗ್ (ಅತಿ ಕೆಳ ತಂತಿ ಸಿ ಸ್ವರಕ್ಕೆ), 130 ಬಿಪಿಎಂ (ನಿಮಿಷಕ್ಕೆ 130 ತಾಳ), ಎಡಕ್ಕೊಂದು ಬಲಕ್ಕೊಂದು ಗಿಟಾರ್, ನಡುವೆ ಬಾಸ್, ಮೈಕ್ ಹಾಕಿ ನುಡಿಸಿದ ಡ್ರಮ್, ಒಂದು ಸ್ಕ್ರೀಮ್. ಒಂದು ಆವೃತ್ತಿಯಲ್ಲಿ ಸಿಂಥ್ ಸೇರಿಸಿ, ಇನ್ನೊಂದರಲ್ಲಿ ಡ್ರಮ್ ಬದಲಿಸಿ, ಮತ್ತೊಂದರಲ್ಲಿ ಗಿಟಾರನ್ನೇ ಕತ್ತರಿಸಿ ಕೇಳಿದ್ದು. ಮೂರನ್ನೂ ಒಂದೇ ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದೇ ಹೋಲಿಸಬೇಕು. ಇಲ್ಲದಿದ್ದರೆ 1 ಡಿಬಿ ಜೋರಾಗಿರುವುದೇ ಗೆದ್ದುಬಿಡುತ್ತದೆ.

ಸಿಂಥ್ ಸೇರಿಸುವುದು ಎಲ್ಲಕ್ಕಿಂತ ಬೇಗ ಮುಗಿಯುವ ಕೆಲಸ, ಫಲವೂ ಎಲ್ಲಕ್ಕಿಂತ ಕಡಿಮೆ. ಸಿಂಥ್‌ನ ಸಾಟೂತ್ (ಗರಗಸದ ಹಲ್ಲಿನಾಕಾರದ) ಅಲೆಯಲ್ಲಿ ಎಲ್ಲ ಹಾರ್ಮೋನಿಕ್‌ಗಳೂ (ಮೂಲ ಸ್ವರದ ಪೂರ್ಣಾಂಕ ಪಟ್ಟಿನ ಕಂಪನಗಳು) ತುಂಬಿರುತ್ತವೆ. ಡಿಸ್ಟಾರ್ಷನ್ ಗಿಟಾರ್‌ನಲ್ಲೂ ಹಾಗೆಯೇ. ಎರಡೂ ಒಂದೇ ರಿಫ್ ನುಡಿಸಿದರೆ ಒಂದನ್ನೊಂದು ಮುಚ್ಚಿಕೊಂಡು ಗಿಟಾರ್ ತೆಳ್ಳಗಾಗುತ್ತದೆ, ಸಿಂಥ್ ಕೂಡ ಸ್ಪಷ್ಟವಾಗಿ ಕೇಳುವುದಿಲ್ಲ. ಬೆಸ ಹಾರ್ಮೋನಿಕ್‌ಗಳಷ್ಟೇ ಇರುವ ಸ್ಕ್ವೇರ್ ಅಲೆ ತೆಗೆದುಕೊಂಡು, ಒಂದು ಆಕ್ಟೇವ್ ಮೇಲಿಟ್ಟು, ಮೋನೊ ಮಾಡಿ ನಟ್ಟನಡುವೆ ಕೂರಿಸಿ, ಗಿಟಾರ್‌ಗಳಲ್ಲಿ 1ರಿಂದ 2 ಕಿಲೋಹರ್ಟ್ಸ್ ನಡುವೆ 2–3 ಡಿಬಿ ಇಳಿಸಿದರೆ ಎರಡಕ್ಕೂ ಜಾಗ ಸಿಗುತ್ತದೆ.

ಕೆಳಗಿನ ಕಡೆ ಇದಕ್ಕಿಂತ ದೊಡ್ಡ ತೊಡಕಿದೆ. ಡ್ರಾಪ್ ಸಿಯಲ್ಲಿ ಬಾಸ್‌ನ ಅತಿ ಕೆಳ ಸ್ವರ 32.7 ಹರ್ಟ್ಸ್. ಪಿಕ್‌ನಿಂದ ಗಟ್ಟಿಯಾಗಿ ಹೊಡೆದಾಗ ತಂತಿ ಒಂದು ಕ್ಷಣ ಬಿಗಿಯಾಗಿ ಶ್ರುತಿ ಏರುತ್ತದೆ. ಸಿಂಥ್ ಮಾತ್ರ ಇದ್ದಲ್ಲೇ ಇರುತ್ತದೆ. ವ್ಯತ್ಯಾಸ ಅರ್ಧ ಹರ್ಟ್ಸ್ ಇದ್ದರೂ ಸಾಕು, ಎರಡು ಸೆಕೆಂಡಿಗೊಮ್ಮೆ ತಳದ ಸದ್ದು ಉಬ್ಬಿ ಕುಗ್ಗುತ್ತದೆ. ಕಂಪ್ರೆಸರ್ ಹಾಕಿ ಇದನ್ನು ಸರಿಮಾಡಲು ಹೋಗುವವರೇ ಹೆಚ್ಚು, ಅದರಿಂದ ಆಗುವುದಿಲ್ಲ. 120 ಹರ್ಟ್ಸ್‌ಗಿಂತ ಕೆಳಗಿನ ಯಜಮಾನಿಕೆ ಒಬ್ಬರಿಗೇ ಇರಲಿ. ಸಿಂಥ್‌ಗೆ ಕೊಟ್ಟರೆ ಬಾಸ್ ಗಿಟಾರ್‌ಗೆ ಅಲ್ಲಿ ಹೈಪಾಸ್ ಫಿಲ್ಟರ್ ಹಾಕಿ ಕೆಳಗಿನದ್ದನ್ನು ಕತ್ತರಿಸಿ, ಅದರ ಮೇಲ್ಭಾಗವನ್ನಷ್ಟೇ ಒರಟಾಗಿ ಉಳಿಸಿಕೊಳ್ಳಿ.

ಡ್ರಮ್ ಬದಲಿಸಿದ ಆವೃತ್ತಿ ಮೊದಲ ಎರಡು ಬಾರ್‌ಗಳಲ್ಲೇ ಇಂಡಸ್ಟ್ರಿಯಲ್ ಅನ್ನಿಸಿಬಿಡುತ್ತದೆ, ಗಿಟಾರ್ ಮುಟ್ಟದೆಯೇ. ಆದರೆ ಕೆಲಸ ಮೈಮುರಿಯುವಷ್ಟಿದೆ. ಒಳ್ಳೆಯ ಡ್ರಮ್ಮರ್ ಕೂಡ ಗ್ರಿಡ್‌ನಿಂದ (ತಾಳದ ನಿಖರ ಗೆರೆಗಳಿಂದ) ಕೆಲವು ಮಿಲಿಸೆಕೆಂಡ್ ಆಚೀಚೆ ಹೋಗುತ್ತಾನೆ. ಅದರ ಮೇಲೆ ಗ್ರಿಡ್‌ಗೆ ಅಂಟಿದ ಯಂತ್ರದ ಕಿಕ್ ಇಟ್ಟರೆ ಪ್ರತಿ ಹೊಡೆತದ ಬಣ್ಣವೂ ಬೇರೆಯಾಗುತ್ತದೆ: 1 ಮಿಲಿಸೆಕೆಂಡ್ ಅಂತರವಿದ್ದರೆ 500 ಹರ್ಟ್ಸ್ ಸುತ್ತ ಸದ್ದು ರದ್ದಾಗುತ್ತದೆ, 5 ಇದ್ದರೆ 100 ಹರ್ಟ್ಸ್ ಸುತ್ತ, ಅಂದರೆ ಕಿಕ್‌ನ ಎದೆಗೇ ಪೆಟ್ಟು. ಯಂತ್ರದ ಪದರವನ್ನು ಡ್ರಮ್ಮರ್‌ನ ಹೊಡೆತಕ್ಕೆ ಟ್ರಿಗರ್ ಮಾಡಿದರೆ, ಅಂದರೆ ಆ ಹೊಡೆತವೇ ಅದನ್ನು ಎಬ್ಬಿಸುವಂತೆ ಮಾಡಿದರೆ, ಈ ದೋಷ ಹೋಗುತ್ತದೆ, ಜೊತೆಗೆ ಯಂತ್ರದ ಬಿಗಿಯೂ ಹೋಗುತ್ತದೆ. ಡ್ರಮ್ಮನ್ನೇ ನೂರಕ್ಕೆ ನೂರು ಗ್ರಿಡ್‌ಗೆ ತರುವುದಾದರೆ ಎಲ್ಲ ಮೈಕ್‌ಗಳನ್ನೂ ಒಂದೇ ಗುಂಪಾಗಿ ಕತ್ತರಿಸಿ ಸರಿಸಿ, 5–10 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ತುಂಡುಗಳ ಅಂಚಿನ ಬೆಸುಗೆ) ಹಾಕಬೇಕು. ಸ್ನೇರ್ ಮೈಕ್ ಒಂದನ್ನೇ ಸರಿಸಿದರೆ ಓವರ್‌ಹೆಡ್ (ಡ್ರಮ್ ಮೇಲೆ ತೂಗುವ) ಮೈಕ್‌ಗಳ ಜೊತೆ ಅದರ ಫೇಸ್ (ಅಲೆಗಳ ಹೊಂದಾಣಿಕೆ) ಕೆಡುತ್ತದೆ. ಟೈಮ್‌ಸ್ಟ್ರೆಚ್ ಬೇಡವೇ ಬೇಡ, ಸಿಂಬಲ್‌ನ ಬಾಲ ನೀರಿನೊಳಗೆ ಅದ್ದಿದಂತೆ ಕೇಳಿಸುತ್ತದೆ.

ನಮ್ಮ ಒಲವು ಇವೆರಡರ ನಡುವಿನ ದಾರಿಗೆ: ವರ್ಸ್‌ನಲ್ಲಿ ಬರೀ ಯಂತ್ರ, ಕೋರಸ್‌ನಲ್ಲಿ ಮನುಷ್ಯನ ಡ್ರಮ್ ಮತ್ತು ಟ್ರಿಗರ್ ಸ್ಯಾಂಪಲ್. ಗ್ರಿಡ್‌ಗೆ ಅಂಟಿದ ಯಂತ್ರವೂ ಮನುಷ್ಯನ ಡ್ರಮ್ಮೂ ಒಟ್ಟಿಗೆ ಎಲ್ಲೂ ಬೇಡ. ಇನ್ನು ಸ್ನೇರ್ ಮೇಲೆ ಕಬ್ಬಿಣದ ಪೈಪಿನ ಏಟು ಕೂರಿಸುವುದು ಈ ಶೈಲಿಯಲ್ಲಿ ಹಳೆಯ ಅಭ್ಯಾಸ. ಪೈಪಿಗೂ ಒಂದು ಶ್ರುತಿ ಇರುತ್ತದೆ ಅನ್ನುವುದು ಮರೆತೇಹೋಗುತ್ತದೆ. ಅದು ಸಿ ಶಾರ್ಪ್‌ನಲ್ಲಿ ಮೊಳಗಿದರೆ ಸಿ ರಿಫ್ ಇಡೀ ಹುಳಿಯಾಗುತ್ತದೆ. ಸ್ಯಾಂಪಲ್ಲನ್ನು ಸಿ ಅಥವಾ ಜಿಗೆ ತನ್ನಿ. ಇಲ್ಲವೇ ಶ್ರುತಿ ಗೊತ್ತಾಗದಂತೆ 80 ಮಿಲಿಸೆಕೆಂಡಿಗೇ ಫೇಡ್ ಮಾಡಿ. 250 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದರೆ ಸ್ನೇರ್‌ನ ಮೈ ಉಳಿಯುತ್ತದೆ.

ಮೂರನೆಯದು ಗಿಟಾರ್‌ನ ಕತ್ತರಿಕೆ. ಇಡೀ ಹೋಲಿಕೆಯಲ್ಲಿ ಅಚ್ಚರಿ ತಂದದ್ದು ಇದೇ. 130 ಬಿಪಿಎಂನಲ್ಲಿ ಹದಿನಾರನೇ ಸ್ವರ ಸುಮಾರು 115 ಮಿಲಿಸೆಕೆಂಡ್. ಗ್ರಿಡ್ ಮೇಲೆ 70 ಮಿಲಿಸೆಕೆಂಡ್ ಉದ್ದದ ಸ್ವರಗಳ ಮೂಕ ಟ್ರ್ಯಾಕ್ ಒಂದನ್ನು ಮಾಡಿ, ಅದನ್ನೇ ಗೇಟ್‌ನ (ಸದ್ದನ್ನು ತೆರೆದು ಮುಚ್ಚುವ ಸಾಧನ) ಸೈಡ್‌ಚೈನ್‌ಗೆ (ಅದನ್ನು ಹೊರಗಿನಿಂದ ಆಳುವ ಸಂಕೇತದ ದಾರಿ) ಕೊಟ್ಟರೆ ಪ್ರತಿ ಸ್ವರದ ನಂತರ 45 ಮಿಲಿಸೆಕೆಂಡ್ ಮೌನ ಸಿಗುತ್ತದೆ. ಗೇಟ್ ಇರಬೇಕಾದ್ದು ಆಂಪ್ ಆದ ಮೇಲೆ. ಮುಂಚೆ ಇಟ್ಟರೆ ಆಂಪ್‌ನ ಹಿಸ್ ಆ ಮೌನವನ್ನೆಲ್ಲ ತುಂಬುತ್ತದೆ. ರಿಲೀಸ್ (ಗೇಟ್ ಮುಚ್ಚಲು ತೆಗೆದುಕೊಳ್ಳುವ ಸಮಯ) ಸೊನ್ನೆಗಿಟ್ಟರೆ ಟಿಕ್ ಅನ್ನುತ್ತದೆ, 5 ಮಿಲಿಸೆಕೆಂಡ್ ಕೊಡಿ. ನುಡಿಸಿದ್ದು ಗ್ರಿಡ್‌ಗಿಂತ ಮುಂಚೆ ಬಿದ್ದಿದ್ದರೆ ಗೇಟ್ ಪಿಕ್‌ನ ಏಟನ್ನೇ ನುಂಗಿ ಸ್ವರವನ್ನು ಹಲ್ಲಿಲ್ಲದಂತೆ ಮಾಡುತ್ತದೆ. ಆದ್ದರಿಂದ ಮೊದಲು ಡಿಐ ಟ್ರ್ಯಾಕ್ (ಆಂಪ್ ಇಲ್ಲದೆ ನೇರವಾಗಿ ಧ್ವನಿಮುದ್ರಿಸಿದ್ದು) ಸರಿಪಡಿಸಿ, ಆಮೇಲೆ ರೀಆಂಪ್, ಅಂದರೆ ಅದನ್ನು ಆಂಪ್ ಮೂಲಕ ಹಾಯಿಸಿ.

ಬಿಟ್‌ಕ್ರಷರ್ (ಡಿಜಿಟಲ್ ಗುಣಮಟ್ಟ ಇಳಿಸಿ ಸದ್ದನ್ನು ಒರಟಾಗಿಸುವ ಸಾಧನ) ಬಳಸುವುದಾದರೆ ಕ್ಯಾಬಿನೆಟ್‌ಗಿಂತ (ಸ್ಪೀಕರ್ ಪೆಟ್ಟಿಗೆ) ಮುಂಚೆ ಇಡಿ. ಸ್ಯಾಂಪಲ್ ರೇಟ್ 11 ಕಿಲೋಹರ್ಟ್ಸ್‌ಗೆ ಇಳಿಸಿದಾಗ 5.5ಕ್ಕಿಂತ ಮೇಲಿನದ್ದೆಲ್ಲ ಮಡಚಿಕೊಂಡು ಶ್ರುತಿಗೆ ಸಂಬಂಧವಿಲ್ಲದ ಸ್ವರಗಳಾಗಿ ಕೆಳಗಿಳಿಯುತ್ತದೆ. ಕ್ಯಾಬಿನೆಟ್ ಅದರ ಚೂಪನ್ನು ಸವೆಸುತ್ತದೆ. ಕ್ಯಾಬಿನೆಟ್ ಆದ ಮೇಲೆ ಇಟ್ಟರೆ ಕಿವಿ ಕೊರೆಯುತ್ತದೆ. ಪ್ಯಾರಲಲ್ ಆಗಿ, ಅಂದರೆ ಮೂಲ ಸದ್ದಿನ ಜೊತೆಗೆ ಬೆರೆಸಿ, 20–25 ಪ್ರತಿಶತ ಸಾಕು. ಸ್ಕ್ರೀಮ್‌ಗೂ ಹೀಗೇ ಪ್ಯಾರಲಲ್ ಡಿಸ್ಟಾರ್ಷನ್, ಡಿಎಸ್ಸರ್ (‘ಸ’ಕಾರ ತಗ್ಗಿಸುವ ಸಾಧನ) ಮಾತ್ರ ಅದಕ್ಕಿಂತ ಮುಂಚೆ. ಇಲ್ಲದಿದ್ದರೆ ‘ಸ’ಕಾರಗಳು ಸೀಳಿಕೊಂಡು ಬರುತ್ತವೆ.

ಹಾಗಾದರೆ ಗೋಥಿಕ್ ಎಲ್ಲಿ ಹೋಯಿತು? ಅದರ ಜೀವ ಇರುವುದು ಉದ್ದನೆಯ ರಿವರ್ಬ್‌ನಲ್ಲಿ (ಕೋಣೆಯ ಮಾರ್ದನಿ), ಇಂಡಸ್ಟ್ರಿಯಲ್‌ನ ಜೀವ ರಿವರ್ಬ್ ಇಲ್ಲದಿರುವುದರಲ್ಲಿ. ಎರಡನ್ನೂ ಒಂದೇ ಬಾರ್‌ನಲ್ಲಿ ತುರುಕಿದ ಮಿಕ್ಸ್ ಎರಡೂ ಆಗುವುದಿಲ್ಲ. ವರ್ಸ್ ಒಣಗಿರಲಿ, ಗೇಟ್ ಹಾಕಿದ ಗಿಟಾರ್‌ಗೆ ರಿವರ್ಬ್ ಸೊನ್ನೆ. ಕೋರಸ್‌ನಲ್ಲಿ ಕಾಯಿರ್‌ಗೂ ಮಂದ್ರ ದನಿಗೂ 2.5–3 ಸೆಕೆಂಡಿನ ಹಾಲ್ ಕೊಟ್ಟು, ಆ ರಿವರ್ಬನ್ನು ಕಿಕ್‌ನ ಸೈಡ್‌ಚೈನ್‌ನಿಂದ 4–6 ಡಿಬಿ ತಗ್ಗಿಸಿದರೆ ಚರ್ಚಿನೊಳಗೆ ಯಂತ್ರ ಉಸಿರಾಡಿದ ಹಾಗಿರುತ್ತದೆ.

ಆದ್ದರಿಂದ ಕ್ರಮ ಹೀಗೆ: ಮೊದಲು ಗಿಟಾರ್ ಗೇಟ್, ಆಮೇಲೆ ವರ್ಸ್‌ನ ಡ್ರಮ್, ಕೊನೆಗೆ ಬೇಕಿದ್ದರಷ್ಟೇ ಸಿಂಥ್. ಸಮಯ ಒಂದಕ್ಕೇ ಇದ್ದರೆ ಗೇಟ್ ಒಂದೇ ಸಾಕು. ವೇದಿಕೆಗೆ ಒಯ್ಯುವಾಗ ಲೆಕ್ಕ ಸ್ವಲ್ಪ ತಿರುಗುತ್ತದೆ: ಗೇಟ್‌ನ ಮೂಕ ಟ್ರ್ಯಾಕ್ ಕೂಡ ಲ್ಯಾಪ್‌ಟಾಪ್‌ನಿಂದಲೇ ಬರಬೇಕು, ಡ್ರಮ್ಮರ್ ಕ್ಲಿಕ್‌ಗೆ (ಕಿವಿಯಲ್ಲಿ ಕೇಳುವ ತಾಳದ ಟಿಕ್‌ಟಿಕ್) ನುಡಿಸಲೇಬೇಕು. ಸಿಗ್ನಲ್ ನಿಂತರೆ ಗೇಟ್ ಮುಚ್ಚಿಕೊಂಡು ಗಿಟಾರ್‌ಗಳೇ ಮಾಯ. ಅದಕ್ಕೆ ಕಾಲಿನ ಬಳಿ ಗೇಟ್ ಬೈಪಾಸ್ ಸ್ವಿಚ್ ಒಂದು ಇರಲೇಬೇಕು.