7,000 ಹಾಡು, ಮೂರು ಟ್ಯಾಗ್ ಸಾಫ್ಟ್‌ವೇರ್: ನಾನು ಯಾವುದನ್ನು ಯಾವುದಕ್ಕೆ ಇಟ್ಟುಕೊಂಡೆ

ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಸುಮಾರು 7,000 ಹಾಡುಗಳಿವೆ. ಅರ್ಧಕ್ಕಿಂತ ಜಾಸ್ತಿ ಕನ್ನಡ ಚಿತ್ರಗೀತೆಗಳು, ಉಳಿದದ್ದು ಇಂಗ್ಲಿಷ್ ಆಲ್ಬಂಗಳು. ಸಿಡಿಯಿಂದ ತೆಗೆದವು 'ಟ್ರ್ಯಾಕ್ 01' ಅಂತಲೇ ಬಿದ್ದಿದ್ದವು. ಪಿ.ಬಿ. ಶ್ರೀನಿವಾಸ್ ಅವರ ಹೆಸರಿಗೆ ಐದು ಸ್ಪೆಲ್ಲಿಂಗ್ ಇತ್ತು. ಹಾಗಾಗಿ ಪ್ಲೇಯರ್‌ನಲ್ಲಿ ಅವರು ಐದು ಜನ ಗಾಯಕರಾಗಿ ಕಾಣುತ್ತಿದ್ದರು. ಹಾಡಿನ ಹೆಸರು, ಗಾಯಕ, ಆಲ್ಬಂ ಇಂಥ ವಿವರಗಳನ್ನು ಫೈಲಿನೊಳಗೇ ಬರೆದಿಡುವುದಕ್ಕೆ ಟ್ಯಾಗ್ ಅಂತಾರೆ. ಇದನ್ನೆಲ್ಲ ಸರಿಮಾಡಲು ಟ್ಯಾಗ್ ತಿದ್ದುವ ಪಿಕಾರ್ಡ್, ಎಂಪಿ3ಟ್ಯಾಗ್, ಕಿಡ್3 ಮೂರನ್ನೂ ಬಳಸಿ ನೋಡಿದೆ. ಮೂರೂ ಉಚಿತವಾಗಿ ಸಿಕ್ಕವು.

ಇಂಗ್ಲಿಷ್ ಆಲ್ಬಂಗಳಿಗೆ ಪಿಕಾರ್ಡ್ ಸಾಕು. ಅದು ಮ್ಯೂಸಿಕ್‌ಬ್ರೈನ್ಸ್ ಎಂಬ, ಜನರೇ ಸೇರಿ ಕಟ್ಟಿದ ಮಾಹಿತಿ ಕಣಜವನ್ನು ನೋಡುತ್ತದೆ. 'ಸ್ಕ್ಯಾನ್' ಒತ್ತಿದರೆ ಹಾಡಿನ ಧ್ವನಿಯನ್ನೇ ಗುರುತು ಹಿಡಿಯುತ್ತದೆ. ಫೈಲಿನ ಹೆಸರು ಏನಿದ್ದರೂ ಪರವಾಗಿಲ್ಲ.

ಆದರೆ ಕಣಜದಲ್ಲಿ ಯಾರಾದರೂ ಸೇರಿಸಿದ ಹಾಡು ಮಾತ್ರ ಅದಕ್ಕೆ ಸಿಗುತ್ತದೆ, ಅಲ್ವಾ? ನಾನು ಕ್ಯಾಸೆಟ್‌ನಿಂದ ಇಳಿಸಿಕೊಂಡ ಹಳೆಯ ಹಾಡುಗಳಲ್ಲಿ ಬಹುಪಾಲು ಸಿಗಲಿಲ್ಲ. ಇನ್ನೊಂದು ವಿಷಯ. ಒಂದೇ ರೆಕಾರ್ಡಿಂಗ್ ಸಿನಿಮಾದ ಆಲ್ಬಂನಲ್ಲೂ ಇರುತ್ತದೆ, 'ಹಿಟ್ಸ್' ಸಂಗ್ರಹದಲ್ಲೂ ಇರುತ್ತದೆ. ನೋಡದೆ ಸುಮ್ನೆ ಸೇವ್ ಮಾಡಿದರೆ ಹಾಡು ಸಂಗ್ರಹದ ಹೆಸರಿಗೆ ಹೋಗಿಬಿಡಬಹುದು. ಫೋಲ್ಡರ್ ಗಾತ್ರದ ಸಣ್ಣ ಕಂತುಗಳಲ್ಲಿ ಮಾಡಿ.

ಕನ್ನಡ ಹಾಡುಗಳಿಗೆ ನಾನು ನೆಚ್ಚಿಕೊಂಡಿದ್ದು ಎಂಪಿ3ಟ್ಯಾಗ್. ಕ್ಯಾಸೆಟ್ ಹಾಡುಗಳ ಫೈಲಿಗೆ ಮೊದಲೇ 'ಸಿನಿಮಾ - ಹಾಡು - ಗಾಯಕ' ಅಂತ ಹೆಸರಿಟ್ಟಿದ್ದೆ. ಆ ಮಾದರಿಯನ್ನು ಒಮ್ಮೆ ಹೇಳಿಕೊಟ್ಟರೆ ಸಾವಿರ ಫೈಲುಗಳ ಹೆಸರು ಒಡೆದು ಟ್ಯಾಗ್‌ಗಳಲ್ಲಿ ಕೂರುತ್ತದೆ. ಗೆಳೆಯರಿಂದ ಬಂದ ಫೈಲುಗಳ ತಲೆಗೆ ಅಂಟಿದ್ದ ವೆಬ್‌ಸೈಟ್ ಹೆಸರನ್ನೂ ಒಂದೇ 'ಆಕ್ಷನ್'ನಲ್ಲಿ (ಒಮ್ಮೆ ಬರೆದಿಟ್ಟು ಎಲ್ಲ ಫೈಲಿಗೂ ಹಾಕುವ ಆದೇಶ) ತೆಗೆದೆ. ತಪ್ಪಾದರೆ ಹಿಂದಕ್ಕೆ ಬರಬಹುದು. ನನಗೆ ಧೈರ್ಯ ಕೊಟ್ಟಿದ್ದೇ ಅದು.

ಇಲ್ಲಿ ಎರಡು ಜಾಗ ತಪ್ಪದೆ ತುಂಬಿ. ಒಂದು, ಆಲ್ಬಂ ಆರ್ಟಿಸ್ಟ್, ಅಂದರೆ ಇಡೀ ಆಲ್ಬಂಗೆ ಒಂದೇ ಹೆಸರು ಬರೆಯುವ ಜಾಗ. ಒಂದು ಸಿನಿಮಾದಲ್ಲಿ ನಾಲ್ಕು ಗಾಯಕರಿದ್ದರೆ, ಇದು ಖಾಲಿಯಿದ್ದಾಗ ಎಷ್ಟೋ ಪ್ಲೇಯರ್‌ಗಳು ಆಲ್ಬಂ ಅನ್ನು ನಾಲ್ಕು ತುಂಡು ಮಾಡುತ್ತವೆ. ಎರಡು, ಇಸವಿ. 'ಗಂಧದ ಗುಡಿ' 1973ರಲ್ಲೂ ಬಂತು, 2022ರಲ್ಲೂ ಬಂತು. ನಾನು ಆಲ್ಬಂ ಹೆಸರಿನ ಪಕ್ಕದಲ್ಲೇ ಇಸವಿ ಬರೆಯುತ್ತೇನೆ. ಹಾಗಾಗಿ ಹಳೆಯದಕ್ಕೆ ರಾಜನ್-ನಾಗೇಂದ್ರ ಮಾಡಿದ ಹಾಡುಗಳು ಹೊಸದರ ಜೊತೆ ಬೆರೆಯುವುದಿಲ್ಲ.

ಕಿಡ್3 ಅನ್ನು ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಬಳಸಿದೆ. ಕೆಲಸ ಅಚ್ಚುಕಟ್ಟು, ಕಲಿಯಲು ಹೊತ್ತು ಬೇಕು. ಅದರ ದೊಡ್ಡ ಉಪಕಾರ ಅಂದರೆ ಐಡಿ3 ಎಂಬ, ಎಂಪಿ3 ಫೈಲಿನಲ್ಲಿ ಟ್ಯಾಗ್ ಬರೆಯುವ ಪದ್ಧತಿಯ ಹಳೆಯ ಮೊದಲ ಆವೃತ್ತಿಯನ್ನೂ ಎರಡನೆಯದನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಮೊದಲ ಆವೃತ್ತಿಯಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಜಾಗ, ಕನ್ನಡ ಅಕ್ಷರಕ್ಕೆ ವ್ಯವಸ್ಥೆಯೇ ಇಲ್ಲ. ಅದನ್ನು ಅಳಿಸಿ ಎರಡನೆಯದನ್ನು ಮಾತ್ರ ಉಳಿಸಿಕೊಂಡೆ.

ಕ್ಯಾಸೆಟ್ ಹಾಡುಗಳಿಗೆ ಸಾಹಿತಿಯ ಹೆಸರನ್ನು ಮಾತ್ರ ಕವರ್ ನೋಡಿ ನಾನೇ ತುಂಬುತ್ತಿದ್ದೇನೆ. ಮೊನ್ನೆ ಚಿ. ಉದಯಶಂಕರ್ ಅಂತ ಒಮ್ಮೆ ಟೈಪ್ ಮಾಡಿ, ಆರಿಸಿಟ್ಟುಕೊಂಡಿದ್ದ 200 ಹಾಡುಗಳಿಗೂ ಒಟ್ಟಿಗೆ ಹಾಕಿದೆ. ತುಂಬಾ ಖುಷಿಯಾಯಿತು.